ಗೆಳೆಯರ ಗುಂಪು, ಬೆಳಗಿನ ನಡಿಗೆ, ಮನೆ ಊಟ: ತೂಕ ಇಳಿಸೋಕೆ ಯಾವುದು ಎಷ್ಟು ನೆರವಾಗುತ್ತೆ?

ಜಯನಗರ_ಐವರು

ನಮಸ್ಕಾರ. ಜಯನಗರ 4ನೇ ಬ್ಲಾಕ್ ಸುತ್ತಮುತ್ತಲಿನ ಐದು ಜನ ಸೋಮವಾರದಿಂದ ಒಟ್ಟಿಗೆ ನಡೆಯಲು ತೀರ್ಮಾನಿಸಿದ್ದೇವೆ. ವಯಸ್ಸು 38ರಿಂದ 56. ಒಬ್ಬರಿಗೆ ಸಕ್ಕರೆ ಕಾಯಿಲೆ, ಮಾತ್ರೆ ನಡೀತಿದೆ. ಒಬ್ಬರಿಗೆ ಮಂಡಿ ನೋವು. ಒಬ್ಬರದ್ದು ರಾತ್ರಿ ಪಾಳಿ. ಎಲ್ಲರೂ 8ರಿಂದ 15 ಕೆಜಿ ಇಳಿಸಬೇಕು. ಜಿಮ್ ಬೇಡ, ಡಬ್ಬದ ಪುಡಿ ಬೇಡ; ಮನೆ ಊಟ, ನಡಿಗೆ ಅಷ್ಟೇ. ಕೇಳಬೇಕಾದ್ದು ಮೂರು. ದಿನಾ ಒಂದು ಗಂಟೆ ನಡೆದರೆ ಸಾಕಾ? ಅನ್ನ ಬಿಟ್ಟು ಮುದ್ದೆಗೆ ಬಂದರೆ ಇಳಿಯುತ್ತಾ? ಐದು ಜನರ ವೇಗ ಐದು ಥರ ಇರುವಾಗ ಗುಂಪು ಒಡೆಯದ ಹಾಗೆ ನೋಡಿಕೊಳ್ಳೋದು ಹೇಗೆ?

ಹೆಜ್ಜೆಲೆಕ್ಕ

ಮೊದಲನೇ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತೆ. 70 ಕೆಜಿ ತೂಕದವರು ಸಮತಟ್ಟು ದಾರಿಯಲ್ಲಿ ಒಂದು ಗಂಟೆಗೆ 5 ಕಿ.ಮೀ. ನಡೆದರೆ ಸುಮಾರು 250 ಕ್ಯಾಲೊರಿ ಖರ್ಚು. ಆ ಒಂದು ಗಂಟೆ ಸುಮ್ಮನೆ ಕೂತಿದ್ದರೂ 70ರಷ್ಟು ಖರ್ಚಾಗುತ್ತಿತ್ತು. ಹಾಗಾಗಿ ನಡಿಗೆಯ ನಿಜವಾದ ಲಾಭ 180 ಅಂತ ಇಟ್ಟುಕೊಳ್ಳಿ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಬರೀ ನಡಿಗೆಯಿಂದಲೇ ಅಂದರೆ 43 ದಿನ, ಅದೂ ಊಟ ಒಂದು ತುತ್ತೂ ಹೆಚ್ಚಾಗದೆ ಇದ್ದರೆ. ನಡೆದು ಬಂದವರಿಗೆ ಹಸಿವು ಹೆಚ್ಚು, ಅಲ್ಲೇ ಎಡವೋದು.

ಅದೇ ಊಟದಲ್ಲಿ ದಿನಕ್ಕೆ 350 ಕಡಿಮೆ ಮಾಡಿ ನಡಿಗೆಯ 180 ಸೇರಿಸಿ. 530 ಆಯಿತು. ಎರಡು ವಾರಕ್ಕೆ ಒಂದು ಕೆಜಿ. ಈ ವೇಗವನ್ನು ವರ್ಷಗಟ್ಟಲೆ ತಾಳಿಕೊಳ್ಳಬಹುದು, ಸ್ನಾಯುವೂ ಸೊರಗುವುದಿಲ್ಲ. ಹಾಗಂತ ನಡಿಗೆ ಕಡಿಮೆಯದಲ್ಲ: ರಕ್ತದ ಸಕ್ಕರೆ, ಬಿಪಿ, ನಿದ್ದೆ, ಇಳಿದ ತೂಕ ಮತ್ತೆ ಏರದಂತೆ ಹಿಡಿಯೋದು, ಇವೆಲ್ಲ ಅದರ ಕೆಲಸ. ತೂಕ ಇಳಿಸೋದು ಮಾತ್ರ ಹೆಚ್ಚಾಗಿ ಅಡುಗೆಮನೆಯಲ್ಲೇ ತೀರ್ಮಾನ ಆಗುತ್ತೆ.

ಇನ್ನೊಂದು. 10,000 ಹೆಜ್ಜೆ ಅನ್ನೋ ಸಂಖ್ಯೆ ವೈದ್ಯರು ಕೊಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದು ಆ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಸಂಖ್ಯೆ ಉಳಿದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. ಈಗ 3,500 ಹೆಜ್ಜೆ ಇರುವವರು 6,000ಕ್ಕೆ ಬಂದರೂ ದೊಡ್ಡದೇ.

ಸೊಪ್ಪಿನಬುಟ್ಟಿ

ಹೆಜ್ಜೆಲೆಕ್ಕ ಸರ್ ಹೇಳಿದ 350 ಎಲ್ಲಿಂದ ತೆಗೆಯೋದು ಅಂತ ನಾನು ಹೇಳ್ತೀನಿ. ಅನ್ನಕ್ಕೆ ಕೈ ಹಾಕುವ ಮೊದಲು ಎಣ್ಣೆ ನೋಡಿ.

ಒಬ್ಬರಿಗೆ ದಿನಕ್ಕೆ 20 ಗ್ರಾಂ ಎಣ್ಣೆ ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ 2,400 ಗ್ರಾಂ, ಸುಮಾರು 2.6 ಲೀಟರ್. ನಿಮ್ಮ ಮನೆಯಲ್ಲಿ 4 ಲೀಟರ್ ಆಗುತ್ತಿದ್ದರೆ ತಲೆಗೆ 30 ಗ್ರಾಂ ಬಿತ್ತು. ಹೆಚ್ಚಾದ 10 ಗ್ರಾಂ ಅಂದರೆ 90 ಕ್ಯಾಲೊರಿ, ನಡಿಗೆಯ ಲಾಭದಲ್ಲಿ ಅರ್ಧ ಹೋಯಿತು. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ತಿಂಗಳ ಕೊನೆಗೆ ಬೇರೆ ಯಾವ ಲೆಕ್ಕವೂ ಬೇಕಾಗಲ್ಲ. ತುಪ್ಪ, ಬೆಣ್ಣೆಯೂ ಇದೇ ಲೆಕ್ಕಕ್ಕೆ ಸೇರಬೇಕು.

ಎಣ್ಣೆ ಡಬ್ಬದಿಂದ ನೇರವಾಗಿ ಬಾಣಲೆಗೆ ಸುರಿಯೋದು ನಿಲ್ಲಿಸಿ, ಚಮಚದಲ್ಲಿ ಹಾಕಿ. ಸಾರಿನ ಒಗ್ಗರಣೆಗೆ ಒಂದು ಟೀ ಚಮಚ ಧಾರಾಳ ಸಾಕು. ಉಪ್ಪಿಟ್ಟಿನಲ್ಲಿ ಮೋಸ ಹೋಗೋದು ಜಾಸ್ತಿ: ನಾಲ್ಕು ಜನಕ್ಕೆ 200 ಗ್ರಾಂ ಬನ್ಸಿ ರವೆ, ಎರಡು ಊಟದ ಚಮಚ ಎಣ್ಣೆ, 300 ಗ್ರಾಂ ಕ್ಯಾರೆಟ್, ಹುರುಳಿಕಾಯಿ, ನವಿಲುಕೋಸು. ರವೆಯನ್ನು ಒಣಗಿದ ಬಾಣಲೆಯಲ್ಲೇ ಘಮ್ಮೆನ್ನುವವರೆಗೆ ಹುರಿದಿಟ್ಟುಕೊಂಡರೆ ಕಡಿಮೆ ಎಣ್ಣೆಯಲ್ಲೂ ಗಂಟಾಗಲ್ಲ. ನೀರು ರವೆಯ ಮೂರರಷ್ಟು ಇರಲಿ. ಎಣ್ಣೆ ಕಡಿಮೆ ಮಾಡಿ ನೀರನ್ನೂ ಕಡಿಮೆ ಮಾಡಿದರೆ ಆರಿದ ಮೇಲೆ ಗಂಟಲಲ್ಲಿ ಇಳಿಯಲ್ಲ, ಮನೆಯವರು ಮರುದಿನವೇ ಹಳೇ ಪದ್ಧತಿಗೆ ಮರಳ್ತಾರೆ. ಚಟ್ನಿಗೆ ವಾರದಲ್ಲಿ ಮೂರು ದಿನ ತೆಂಗಿನಕಾಯಿ ಬದಲು ಹೀರೆಕಾಯಿ ಸಿಪ್ಪೆ ಅಥವಾ ಟೊಮೇಟೊ. ತೆಂಗಿನ ತುರಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ಬಿಡೋದು ಬೇಡ, ಅಳತೆ ಇರಲಿ.

ಕಾಫಿ ಇನ್ನೊಂದು. ಎರಡು ಚಮಚ ಸಕ್ಕರೆ 40 ಕ್ಯಾಲೊರಿ. ದಿನಕ್ಕೆ ಮೂರು ಲೋಟ ಕುಡಿದರೆ 120. ಒಂದೇ ದಿನ ಪೂರ್ತಿ ಬಿಟ್ಟರೆ ತಾಳಿಕೊಳ್ಳೋದು ಕಷ್ಟ. ವಾರಕ್ಕೆ ಅರ್ಧರ್ಧ ಚಮಚ ಇಳಿಸಿದರೆ ತಿಂಗಳಲ್ಲಿ ನಾಲಿಗೆ ಒಗ್ಗುತ್ತೆ. ಡಿಕಾಕ್ಷನ್ ಚೆನ್ನಾಗಿರಬೇಕು, ಅಷ್ಟೇ.

ಎಣ್ಣೆಯಲ್ಲಿ 90, ಸಕ್ಕರೆಯಲ್ಲಿ 120, ಸಂಜೆಯ ಬೋಂಡ ಅಥವಾ ಬಿಸ್ಕತ್ತಿನ ಬದಲು ಒಂದು ಬಟ್ಟಲು ಉಸಲಿ. 350 ಹೆಚ್ಚು ದೂರ ಇಲ್ಲ, ಊಟದ ತಟ್ಟೆಯನ್ನು ಇನ್ನೂ ಮುಟ್ಟೇ ಇಲ್ಲ.

ರಾಗಿಕಲ್ಲು

ಮುದ್ದೆ ಪ್ರಶ್ನೆಗೆ ಬರ್ತೀನಿ, ಇದರಲ್ಲಿ ತಪ್ಪು ತಿಳಿವಳಿಕೆ ಬಹಳ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ನವಣೆ, ಸಾಮೆ ಎಲ್ಲ ಇದರ ಆಸುಪಾಸಿನಲ್ಲೇ. ಅನ್ನ ಬಿಟ್ಟು ಅಷ್ಟೇ ತೂಕದ ರಾಗಿ ತಿಂದರೆ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ರಾಗಿಯ ಗುಣ ನಾರಿನಲ್ಲಿದೆ: 100 ಗ್ರಾಂಗೆ ಸುಮಾರು 11 ಗ್ರಾಂ. ಹೊಟ್ಟೆ ಬೇಗ ಖಾಲಿ ಆಗಲ್ಲ. ಸುಣ್ಣದಂಶವೂ 340 ಮಿಲಿಗ್ರಾಂ ಮೇಲಿದೆ, ಐವತ್ತು ದಾಟಿದವರಿಗೆ ಒಳ್ಳೇದು.

ಅಳತೆ ಹೀಗಿರಲಿ. 80 ಗ್ರಾಂ ಹಿಟ್ಟು, ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ನೀರು. ಸುಮಾರು 250 ಗ್ರಾಂ ಮುದ್ದೆ ಆಗುತ್ತೆ, 260 ಕ್ಯಾಲೊರಿ. ಒಂದು ಹೊತ್ತಿಗೆ ಇದೊಂದೇ. ಸಾಮಾನ್ಯವಾಗಿ ಆಗೋದೇನು ಅಂದರೆ, ಮುದ್ದೆ ಮುಗಿಸಿ "ಸ್ವಲ್ಪ ಅನ್ನ, ಮಜ್ಜಿಗೆಗೆ" ಅಂತ ಎರಡು ಸೌಟು ಬೀಳುತ್ತೆ. ಅಲ್ಲಿಗೆ ಮುದ್ದೆ ಊಟಕ್ಕೆ ಬದಲಿ ಆಗಲಿಲ್ಲ, ಊಟದ ಮೇಲಿನ ಊಟ ಆಯಿತು. ಮುದ್ದೆಯನ್ನು ಅಗಿಯದೆ ನುಂಗೋದರಿಂದ ಊಟ ಐದೇ ನಿಮಿಷಕ್ಕೆ ಮುಗಿಯುತ್ತೆ, ಹೊಟ್ಟೆ ತುಂಬಿದ್ದು ತಿಳಿಯೋಕೆ ಇಪ್ಪತ್ತು ನಿಮಿಷ ಬೇಕು. ಅದಕ್ಕೆ ಮೊದಲು ಪಲ್ಯ, ಕೋಸಂಬರಿ ತಿನ್ನಿ, ಆಮೇಲೆ ಬಸ್ಸಾರಿನ ಜೊತೆ ಮುದ್ದೆ. ಬಸ್ಸಾರು ಈ ಕೆಲಸಕ್ಕೆ ಹೇಳಿ ಮಾಡಿಸಿದ ಅಡುಗೆ: ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟೇ ಸಾರು, ಮೇಲಿದ್ದದ್ದು ಪಲ್ಯ. ಒಂದೇ ಪಾತ್ರೆಯಲ್ಲಿ ನಾರು, ಪ್ರೋಟೀನ್ ಎರಡೂ ಬಂತು.

ಸೊಪ್ಪಿನಬುಟ್ಟಿ

ರಾಗಿಕಲ್ಲು ಸರ್ ಹೇಳಿದ್ದು ಸರಿ. ಪ್ರೋಟೀನ್ ಮಾತು ಬಂತಲ್ಲ, ಅದನ್ನೂ ಸೇರಿಸಿಬಿಡ್ತೀನಿ, ಸಸ್ಯಾಹಾರಿ ಮನೆಗಳಲ್ಲಿ ಹಸಿವು ತಡೆಯಲಾಗದೆ ಕೈಬಿಡೋಕೆ ಇದೇ ಮುಖ್ಯ ಕಾರಣ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಮೊಸರನ್ನ: ಬೇಳೆ ಹುಡುಕಿದರೂ ಸಿಗಲ್ಲ.

ತೂಕ ಇಳಿಸುವಾಗ ಕೆಜಿ ತೂಕಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಗುರಿ ಇರಲಿ. 40 ಗ್ರಾಂ ಹೆಸರುಕಾಳು, 40 ಗ್ರಾಂ ತೊಗರಿಬೇಳೆ, 200 ಗ್ರಾಂ ಮೊಸರು, ಕಾಫಿಗೆ 200 ಮಿಲಿ ಹಾಲು, 200 ಗ್ರಾಂ ಧಾನ್ಯ, ಎರಡು ಮೊಟ್ಟೆ ಅಥವಾ 60 ಗ್ರಾಂ ಪನೀರ್. ಎಲ್ಲ ಸೇರಿ ಸುಮಾರು 60 ಗ್ರಾಂ. ಇನ್ನೂ ಬೇಕಾದವರು ಹುರುಳಿಕಾಳು ಅಥವಾ ಸೋಯಾ ಸೇರಿಸಿ. ಕಾಳುಬೇಳೆಯ ತೂಕ ನೆನೆಸುವ ಮೊದಲಿನದು.

ಕೋಸಂಬರಿ ಡಬ್ಬಿಗೆ ಹಾಕಿ ಆಫೀಸಿಗೆ ಒಯ್ಯುವವರು ಉಪ್ಪು, ನಿಂಬೆರಸ ಬೇರೆ ಇಟ್ಟುಕೊಳ್ಳಿ. ಬೆಳಿಗ್ಗೆಯೇ ಕಲೆಸಿದರೆ ಸೌತೆಕಾಯಿ ನೀರು ಬಿಟ್ಟು ಮಧ್ಯಾಹ್ನಕ್ಕೆ ಎಲ್ಲ ತೇಲ್ತಾ ಇರುತ್ತೆ.

ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಸೊಪ್ಪು, ಕಾಲು ಭಾಗ ಕಾಳುಬೇಳೆ, ಕಾಲು ಭಾಗ ಅನ್ನ, ಮುದ್ದೆ ಅಥವಾ ಚಪಾತಿ. ಆಲೂಗೆಡ್ಡೆ ಪಲ್ಯ ತರಕಾರಿ ಲೆಕ್ಕಕ್ಕೆ ಬರಲ್ಲ. ಹಾಪ್‌ಕಾಮ್ಸ್‌ನಲ್ಲಿ ಸೀಮೆಬದನೆ, ಹೀರೆ, ಪಡವಲ, ದಂಟಿನ ಸೊಪ್ಪು ಸಿಗುತ್ತೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಲೆಕ್ಕದಲ್ಲಿ ತನ್ನಿ. ಅಕ್ಕಿ ಅಳೆಯೋ ಪಾವು ಎಷ್ಟು ಗ್ರಾಂ ಹಿಡಿಯುತ್ತೆ ಅಂತ ಒಂದು ಸಲ ತೂಗಿ ಗೋಡೆ ಮೇಲೆ ಬರೆದಿಡಿ.

ಬಸವನಗುಡಿ_ಪಡಸಾಲೆ

ಇಷ್ಟೆಲ್ಲ ಅಳತೆ ಯಾಕೆ ಬೇಕು? ರಾತ್ರಿ ಊಟ ಬಿಟ್ಟು ಹಣ್ಣು ತಿಂದರೆ ತಿಂಗಳಿಗೆ ಐದಾರು ಕೆಜಿ ಇಳಿಯುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ.

ಹೆಜ್ಜೆಲೆಕ್ಕ

ಇಳಿಯುತ್ತೆ, ಆದರೆ ಇಳಿದದ್ದು ಏನು ಅನ್ನೋದು ನೋಡಬೇಕು ಸರ್. ಮೊದಲ ವಾರದಲ್ಲಿ ಹೋಗುವ ಒಂದೆರಡು ಕೆಜಿ ಹೆಚ್ಚಾಗಿ ನೀರು. ದೇಹ ಕೂಡಿಟ್ಟ ಗ್ಲೈಕೋಜನ್ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತೆ, ಅದು ಖಾಲಿಯಾದಾಗ ನೀರೂ ಹೋಗುತ್ತೆ. ಒಂದು ಮದುವೆ ಊಟಕ್ಕೆ ವಾಪಸ್ ಬರುತ್ತೆ. ಅದರ ಮೇಲೆ ಬರೀ ಹಣ್ಣಿನಲ್ಲಿ ಪ್ರೋಟೀನ್ ಇಲ್ಲದ ಕಾರಣ ಸ್ನಾಯು ಕರಗುತ್ತೆ, ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತೆ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಹೆಚ್ಚು. ಊಟ ಬೇಗ ಮುಗಿಸೋದು ಒಳ್ಳೇದು, ಏಳೂವರೆಗೆ ಉಂಡುಬಿಡಿ. ಬಿಡಬೇಡಿ.

ಮಂಡಿಚಿಪ್ಪು

ನಡಿಗೆಯ ತಾಂತ್ರಿಕ ವಿವರ ನಾನು ಕೊಡ್ತೀನಿ.

ಮೊದಲೆರಡು ವಾರ 20 ನಿಮಿಷ, ವಾರಕ್ಕೆ ಐದು ದಿನ. ಆಮೇಲೆ ವಾರಕ್ಕೆ 5 ನಿಮಿಷದಂತೆ ಏರಿಸಿ, ಎಂಟನೇ ವಾರಕ್ಕೆ 50 ನಿಮಿಷ ತಲುಪುತ್ತೀರಿ. ಉತ್ಸಾಹದಲ್ಲಿ ಮೊದಲ ದಿನವೇ ಒಂದೂವರೆ ಗಂಟೆ ನಡೆಯೋರು ಹತ್ತನೇ ದಿನಕ್ಕೆ ಮೊಣಕಾಲ ಕೆಳಗಿನ ಮುಂಮೂಳೆ ನೋವು ಅಂತ ನಿಲ್ಲಿಸ್ತಾರೆ. ಮೂಳೆ, ಸ್ನಾಯುರಜ್ಜು ಹೊಂದಿಕೊಳ್ಳೋಕೆ ಶ್ವಾಸಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತೆ. ವೇಗ ನಿಮಿಷಕ್ಕೆ 100 ಹೆಜ್ಜೆ. 15 ಸೆಕೆಂಡಿಗೆ 25 ಎಣಿಸಿ ನೋಡಿ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು.

ಶೂ ಕೊಳ್ಳೋದು ಸಂಜೆ, ಕಾಲು ಸ್ವಲ್ಪ ಊದಿರುವಾಗ. ಉದ್ದ ಬೆರಳ ಮುಂದೆ ಹೆಬ್ಬೆರಳಷ್ಟು ಜಾಗ ಇರಲಿ. 500ರಿಂದ 800 ಕಿ.ಮೀ. ಆದ ಮೇಲೆ ಒಳಗಿನ ಮೆತ್ತೆ ಸತ್ತಿರುತ್ತೆ, ಮೇಲೆ ಹೊಸದರಂತೆ ಕಂಡರೂ ಬದಲಿಸಬೇಕು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೆ ಪಾದದಡಿಯ ಪಟ್ಟಿ ಉರಿಯೂತ. ಮನೆಯಲ್ಲೂ ಬರಿಗಾಲಲ್ಲಿ ಓಡಾಡಬೇಡಿ, ಮೀನಖಂಡ ಹಿಗ್ಗಿಸಿ, ತಣ್ಣೀರು ಬಾಟಲಿಯನ್ನು ಅಂಗಾಲಲ್ಲಿ ಐದು ನಿಮಿಷ ಉರುಳಿಸಿ.

ಮಂಡಿ ನೋವಿನವರು ನಡಿಗೆ ಬಿಡೋದು ಬೇಡ. ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆ ಆಗುತ್ತೆ. ಸಮತಟ್ಟು ದಾರಿ ಆರಿಸಿ. ಲಾಲ್‌ಬಾಗಿನ ಬಂಡೆ ಹತ್ತೋದಕ್ಕಿಂತ ಇಳಿಯೋದು ಮಂಡಿಗೆ ಹೆಚ್ಚು ಕಷ್ಟ, ಮೊದಲ ಮೂರು ತಿಂಗಳು ಅದರ ತಂಟೆಗೆ ಹೋಗಬೇಡಿ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು 10 ಸಲದಂತೆ ಎರಡು ಸುತ್ತು, ಹಿಮ್ಮಡಿ ಎತ್ತಿ ಇಳಿಸೋದು 15 ಸಲದಂತೆ ಎರಡು ಸುತ್ತು. ಬರೀ ನಡೆದರೆ ತೊಡೆ ಗಟ್ಟಿ ಆಗಲ್ಲ. ನೋವು ಮರುದಿನಕ್ಕೂ ಉಳಿದರೆ ಅವಧಿ ಅರ್ಧ ಮಾಡಿ. ಊತ ಬಂದರೆ ತೋರಿಸಿ.

ನಡೆಯುವಾಗ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ ಅಲ್ಲೇ ಕೂರಿಸಿ 108ಕ್ಕೆ ಕರೆ ಮಾಡಿ. "ಗ್ಯಾಸು ಇರಬೇಕು, ಮನೆ ಇಲ್ಲೇ ಹತ್ತಿರ" ಅಂತ ನಡೆಸಿಕೊಂಡು ಹೋಗಬೇಡಿ.

ಮಾತ್ರೆಡಬ್ಬಿ

ಸಕ್ಕರೆ ಕಾಯಿಲೆಯವರು ಯಾವ ಮಾತ್ರೆ ತಗೋತಾರೆ ಅಂತ ಗುಂಪಿನ ಒಬ್ಬರಿಗಾದರೂ ಗೊತ್ತಿರಬೇಕು. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಕುಸಿಯೋದು ಅಪರೂಪ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಕುಸಿಯಬಹುದು, ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದಾಗ ಇನ್ನೂ ಹೆಚ್ಚು. ಶುರು ಮಾಡುವ ಮೊದಲೇ ವೈದ್ಯರಿಗೆ ಹೇಳಿ ಪ್ರಮಾಣ ಕೇಳಿ. ಬಿಪಿ ಮಾತ್ರೆಯವರೂ ಅಷ್ಟೇ, ತೂಕ ಇಳಿದಂತೆ ಪ್ರಮಾಣ ಬದಲಾಗಬೇಕಾಗಬಹುದು.

ಬೆವರು, ಕೈ ನಡುಕ, ಹಸಿವು, ಮಾತು ತೊದಲೋದು, ಇವು ಲಕ್ಷಣ. ರಕ್ತದ ಸಕ್ಕರೆ 70 mg/dLಗಿಂತ ಕೆಳಗೆ ಅಂದರೆ ಕಡಿಮೆ. ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಸಕ್ಕರೆ ಪೊಟ್ಟಣ ಇಬ್ಬರ ಜೇಬಿನಲ್ಲಿರಲಿ. ಊಟ ಆದ ಮೇಲೆ 10–15 ನಿಮಿಷ ಓಡಾಡಿದರೆ ಊಟದ ನಂತರ ಏರುವ ಸಕ್ಕರೆ ತಗ್ಗುತ್ತೆ, ಇದು ಐವರಿಗೂ ಒಳ್ಳೇದು.

ಸ್ಯಾಂಕಿ_ಸುತ್ತು

ಗುಂಪು ಒಡೆಯದಿರೋಕೆ ಒಂದು ಉಪಾಯ ಇದೆ, ಖಂಡಿತ ಕೆಲಸ ಮಾಡುತ್ತೆ. ದೂರಕ್ಕೆ ನಡೆಯಬೇಡಿ, ಸಮಯಕ್ಕೆ ನಡೆಯಿರಿ. 30 ನಿಮಿಷದ ದಿನ ಎಲ್ಲರೂ ಒಂದೇ ಜಾಗದಿಂದ ಹೊರಡಿ, ಅವರವರ ವೇಗದಲ್ಲಿ ಹೋಗಿ. 15ನೇ ನಿಮಿಷಕ್ಕೆ ಯಾರು ಎಲ್ಲಿದ್ದರೂ ಅಲ್ಲಿಂದಲೇ ತಿರುಗಬೇಕು. ಮುಂದೆ ಹೋದವರು ಈಗ ಹಿಂದೆ ಬೀಳ್ತಾರೆ, ನಿಧಾನ ಇದ್ದವರು ಮುಂದಾಗ್ತಾರೆ, ಹೊರಟ ಜಾಗಕ್ಕೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬರ್ತಾರೆ. "ನನ್ನಿಂದ ಎಲ್ಲರಿಗೂ ತಡ" ಅನ್ನೋ ಸಂಕೋಚಕ್ಕೇ ಅಲ್ಲವಾ ಮೊದಲನೆಯವರು ಬಿಡೋದು. ಅದು ಇಲ್ಲದಂತಾಗುತ್ತೆ.

ಜಾಗ: ನಿಮಗೆ ಲಾಲ್‌ಬಾಗೇ ಹತ್ತಿರ, 240 ಎಕರೆ, ಬೇಸರ ಆಗಲ್ಲ. ಮಲ್ಲೇಶ್ವರ, ಸದಾಶಿವನಗರದ ಕಡೆಯವರಿಗೆ ಸ್ಯಾಂಕಿ ಕೆರೆ. ಒಂದು ಸುತ್ತು ಸುಮಾರು 1.7 ಕಿ.ಮೀ., ಮೂರು ಸುತ್ತಿಗೆ 5 ಕಿ.ಮೀ. ದಾಟುತ್ತೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡಲ್ಲ, ವಾರಕ್ಕೊಮ್ಮೆ ಅಲ್ಲಿಗೆ ಹೋಗಿ. ಫುಟ್‌ಪಾತಿನಲ್ಲಿ ಮಾತ್ರ ಕತ್ತಲಲ್ಲಿ ಬೇಡ, ಚಪ್ಪಡಿ ಎದ್ದಿರುವಲ್ಲಿ ಕಾಲು ಉಳುಕೋದು ನಿಶ್ಚಿತ.

ಗಾಂಧಿಬಜಾರ್_ಬೈಟು

ಗೆಳೆಯರ ಉತ್ತೇಜನದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ.

ದಿನಾ ಕೇಳಬೇಕಾದ್ದು "ನಾಳೆ ಬರ್ತೀಯಾ?" ಅಂತ. "ಎಷ್ಟು ಇಳೀತು?" ಅಂತಲ್ಲ. ಬರೋದು ಬಿಡೋದು ನಮ್ಮ ಕೈಯಲ್ಲಿದೆ, ತಕ್ಕಡಿಯ ಮುಳ್ಳು ಆ ದಿನದ ಉಪ್ಪು, ನೀರು, ಮಲಬದ್ಧತೆ, ಹೆಣ್ಣುಮಕ್ಕಳಾದರೆ ತಿಂಗಳ ದಿನಗಳು, ಎಲ್ಲಕ್ಕೂ ಅಲ್ಲಾಡುತ್ತೆ. ವಾಟ್ಸಾಪ್ ಗುಂಪಿನಲ್ಲಿ ರಾತ್ರಿ 9ರೊಳಗೆ "ಬರ್ತೀನಿ" ಅಥವಾ "ನಾಳೆ ಆಗಲ್ಲ", ಅಷ್ಟೇ. ಕಾರಣ ಕೇಳಬೇಡಿ. ಎರಡು ದಿನ ಬರದವರಿಗೆ ಗುಂಪಿನಲ್ಲಿ ಅಲ್ಲ, ಒಬ್ಬರು ನೇರವಾಗಿ ಫೋನ್ ಮಾಡಿ. ಐದು ಜನ ಇದ್ದೀರಿ, ಮನೆ ಹತ್ತಿರ ಇರುವವರು ಜೋಡಿಯಾಗಿ, ಒಬ್ಬರ ಗೇಟಿನ ಮುಂದೆ ಇನ್ನೊಬ್ಬರು ನಿಂತು ಕರೆದುಕೊಂಡು ಬರಲಿ. ಮನೆ ಮುಂದೆ ಗೆಳೆಯ ನಿಂತಿರುವಾಗ ಹೊದ್ದು ಮಲಗೋದು ಕಷ್ಟ. ತೂಕ ಗುಂಪಿನಲ್ಲಿ ಹಾಕಬೇಡಿ, ಪಂದ್ಯ ಕಟ್ಟಬೇಡಿ: ಗಂಡಸರಿಗೆ, ಹೆಚ್ಚು ತೂಕ ಇರುವವರಿಗೆ ಬೇಗ ಇಳಿಯುತ್ತೆ, ಉಳಿದವರು ಮನಸ್ಸು ಮುರಿದುಕೊಳ್ತಾರೆ.

ಇನ್ನು ನಡಿಗೆ ಮುಗಿಸಿ ದರ್ಶಿನಿಗೆ ನುಗ್ಗೋದು. ಬೆಣ್ಣೆ ಮಸಾಲೆ ದೋಸೆ ಅವತ್ತಿನ 180ರ ಎರಡರಷ್ಟಕ್ಕಿಂತ ಹೆಚ್ಚು. ಚೌಚೌ ಬಾತ್ ಕೂಡ ಹಾಗೇ. ಆದರೆ ದರ್ಶಿನಿಯನ್ನು ಪೂರ್ತಿ ನಿಷೇಧಿಸಿದರೆ ಗುಂಪಿನ ಸೊಗಸು ಹೋಗುತ್ತೆ. ಶನಿವಾರ ಒಂದು ದಿನ ಇಟ್ಟುಕೊಳ್ಳಿ, ಏನು ತಿನ್ನೋದು ಅಂತ ಹೊರಡುವಾಗಲೇ ಮಾತಾಡಿಕೊಳ್ಳಿ: ಎರಡು ಇಡ್ಲಿ, ಸಾಂಬಾರು ಜಾಸ್ತಿ, ವಡೆ ಬೇಡ, ಸಕ್ಕರೆ ಕಮ್ಮಿ ಬೈಟು ಕಾಫಿ. ಹಸಿದು ಕೌಂಟರ್ ಮುಂದೆ ನಿಂತಾಗ ತೀರ್ಮಾನ ಮಾಡಿದರೆ ದೋಸೆಯೇ ಗೆಲ್ಲುತ್ತೆ. ಹಬ್ಬದ ಹೋಳಿಗೆ ತಿನ್ನಿ, ಆ ಹೊತ್ತಿಗೆ ಅನ್ನ ಕಡಿಮೆ ಮಾಡಿ. ಹಬ್ಬ ಒಂದು ದಿನ ಇರಲಿ, ಉಳಿದ ಹೋಳಿಗೆ ಮೂರು ದಿನ ಬೇಡ.

ಎರಡನೇ_ಪಾಳಿ

ರಾತ್ರಿ ಪಾಳಿಯವರನ್ನು ಬೆಳಿಗ್ಗೆ ಆರಕ್ಕೆ ಎಳೆಯಬೇಡಿ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತೆ, ಸಿಹಿ ಕರಿದದ್ದರ ಕಡೆ ಮನಸ್ಸು ಓಡುತ್ತೆ. ಏಳು ಗಂಟೆ ನಿದ್ದೆ ಮೊದಲು. ಅವರು ಸಂಜೆ ಪಾಳಿಗೆ ಹೊರಡುವ ಮುಂಚೆ ನಡೆಯಲಿ, ಗುಂಪಿನಿಂದ ದಿನಕ್ಕೊಬ್ಬರು ಸರದಿಯಂತೆ ಜೊತೆಯಾಗಲಿ. ಮುಖ್ಯ ಊಟ ಪಾಳಿಗೆ ಮುಂಚೆ. ರಾತ್ರಿ ಒಂದು ಗಂಟೆಗೆ ಕೋಸಂಬರಿ, ಮಜ್ಜಿಗೆ ಅಥವಾ ಬೇಯಿಸಿದ ಕಡಲೆಕಾಳು. ಮೂರರ ಮೇಲೆ ಕಾಫಿ ಬೇಡ.

ಹೆಜ್ಜೆಲೆಕ್ಕ

ಅಳೆಯೋದರ ಬಗ್ಗೆ ಒಂದು ಮಾತು. ವಾರದಲ್ಲಿ ಮೂರು ದಿನ, ಬೆಳಿಗ್ಗೆ ಶೌಚ ಮುಗಿಸಿ, ಅದೇ ತಕ್ಕಡಿಯಲ್ಲಿ ತೂಗಿ ಸರಾಸರಿ ಬರೆಯಿರಿ. ತಿಂಗಳಿಗೊಮ್ಮೆ ಸೊಂಟ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ. ಭಾರತೀಯರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ದಾಟಿದರೆ ಎಚ್ಚರಿಕೆ. ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ) 23 ದಾಟಿದರೆ ನಮ್ಮಲ್ಲಿ ಅಧಿಕ ತೂಕ ಅಂತಲೇ.

ಎರಡು ತಿಂಗಳ ನಂತರ ತೂಕ ನಿಲ್ಲುತ್ತೆ, ಗಾಬರಿ ಬೇಡ. ಹಗುರಾದ ದೇಹಕ್ಕೆ ಖರ್ಚೂ ಕಡಿಮೆ, ಜೊತೆಗೆ ಅಳತೆಯ ಚಮಚ ಯಾವಾಗಲೋ ಮೂಲೆ ಸೇರಿರುತ್ತೆ. ಮೂರು ವಾರ ಅಲ್ಲಾಡದಿದ್ದರೆ ಮಾತ್ರ ಒಂದು ವಾರ ಎಣ್ಣೆ, ಅಕ್ಕಿ ಮತ್ತೆ ತೂಗಿ ನೋಡಿ. ಶನಿವಾರ ಭಾನುವಾರದ ಊಟವನ್ನೂ ಬರೆಯಿರಿ, ಹೆಚ್ಚಾಗಿ ಸಿಕ್ಕಿಬೀಳೋದು ಅಲ್ಲೇ.

ಜಯನಗರ_ಐವರು

ಎಲ್ಲರಿಗೂ ತುಂಬಾ ಧನ್ಯವಾದ. ಹೀಗೆ ಮಾಡ್ತಿದ್ದೀವಿ: ಸೋಮವಾರ ಆರಕ್ಕೆ ಲಾಲ್‌ಬಾಗ್ ಪಶ್ಚಿಮ ದ್ವಾರದಲ್ಲಿ ನಾಲ್ವರು, 10 ನಿಮಿಷಕ್ಕೆ ತಿರುಗೋದು. ರಾತ್ರಿ ಪಾಳಿಯವರಿಗೆ ಸಂಜೆ ಐದಕ್ಕೆ ಸರದಿ. ಮಾತ್ರೆಯ ವಿಷಯ ಶುಕ್ರವಾರವೇ ವೈದ್ಯರ ಹತ್ತಿರ ಕೇಳ್ತೀವಿ. ಸಂಜೆ ಮಳೆ ಹಿಡಿದರೆ ಏನು ಮಾಡೋದು ಅಂತ ಮಾತ್ರ ತಿಳೀಲಿಲ್ಲ.

ಸ್ಯಾಂಕಿ_ಸುತ್ತು

ಏಪ್ರಿಲ್, ಮೇ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಂಜೆ ಮಳೆ ಇದ್ದದ್ದೇ. ಅಂಥ ದಿನ ಮನೆಯ ಹಜಾರದಲ್ಲೇ 10 ನಿಮಿಷದಂತೆ ಎರಡು ಸಲ ಓಡಾಡಿ, ಮಂಡಿಚಿಪ್ಪು ಅವರು ಹೇಳಿದ ಕುರ್ಚಿ ವ್ಯಾಯಾಮವನ್ನು ಅವತ್ತಿಗೆ ಇಟ್ಟುಕೊಳ್ಳಿ. ಸರದಿಯವರು ಫೋನಿನಲ್ಲಿ ಜೊತೆಗಿರಲಿ, ಇಬ್ಬರೂ ಮಾತಾಡ್ತಾ ಅವರವರ ಮನೆಯಲ್ಲಿ ನಡೆದರಾಯಿತು. ಮಳೆ ನಿಂತ ಮೇಲೆ ಹೊರಗೆ ಹೋಗೋದಾದರೆ ಮರದಡಿಯ ಕಲ್ಲುಚಪ್ಪಡಿ ಬಿಟ್ಟು ಡಾಂಬರಿನ ಮೇಲೇ ನಡೆಯಿರಿ, ಬಿದ್ದ ಹೂವು ಎಲೆಗೆ ಶೂ ಜಾರುತ್ತೆ.